ಅಣ್ಣಿಗೇರಿ ಕಡಲೆ ಮತ್ತು ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ

ಸಾಹಿತ್ಯ ಓದಿದವರಿಗೆ ಅಣ್ಣಿಗೇರಿ ಅಂದರೆ ಪಂಪ. ಕಡಲೆ ತಳಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೆ ಅಣ್ಣಿಗೇರಿ ಅಂದರೆ ಒಂದು ಬೀಜ. 1978ರಲ್ಲಿ ಬಿಡುಗಡೆಯಾದ 'ಅಣ್ಣಿಗೇರಿ-1' ತಳಿ ಕರ್ನಾಟಕದ ಎರಿ ಹೊಲಗಳನ್ನು ದಶಕಗಳ ಕಾಲ ಆಳಿತು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಹೊಸ ತಳಿಗಳನ್ನು ಅಳೆದು ನೋಡುವಾಗ ಹೋಲಿಕೆಗೆ ಇದನ್ನೇ ಇಟ್ಟುಕೊಳ್ಳುತ್ತಿತ್ತು. ಸೊರಗು ರೋಗಕ್ಕೆ ಸೋಲುತ್ತಿದ್ದ ಆ ಹಳೆಯ ತಳಿಯನ್ನು ಗಟ್ಟಿ ಮಾಡಿ 2019ರಲ್ಲಿ 'ಸೂಪರ್ ಅಣ್ಣಿಗೇರಿ-1' ಎಂದು ಮತ್ತೆ ಹೊರತಂದರು. ಊರಿನ ಹೆಸರು ಹೊತ್ತು ಇಷ್ಟು ದೂರ ಹೋದ ಕಾಳು ನಮ್ಮಲ್ಲಿ ಹೆಚ್ಚಿಲ್ಲ.

ಆದರೆ ಅದೇ ಅಣ್ಣಿಗೇರಿಯ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಕಡಲೆಹಿಟ್ಟಿನ ಪ್ಯಾಕೆಟ್ ಕೊಂಡು ತಿರುಗಿಸಿ ನೋಡಿದರೆ, ಒಳಗಿನ ಕಡಲೆ ಯಾವ ನೆಲದ್ದೆಂದು ತಿಳಿಯುವುದಿಲ್ಲ. ನವಲಗುಂದದ ಎರಿ ಭೂಮಿಯದ್ದಿರಬಹುದು, ಮಧ್ಯಪ್ರದೇಶದ್ದಿರಬಹುದು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದ್ದೂ ಇರಬಹುದು. ಬೀಸಿದ ಗಿರಣಿ ಯಾವುದು, ಪ್ಯಾಕ್ ಮಾಡಿದವರು ಯಾರು, ಬೆಲೆ ಎಷ್ಟು, ಎಂದಿನವರೆಗೆ ಬಳಸಬಹುದು ಎಂಬುದೆಲ್ಲ ಅಲ್ಲಿದೆ. ಕಾಳಿನ ಊರು ಮಾತ್ರ ಇಲ್ಲ.

ಇದರಲ್ಲಿ ಯಾರ ಕಳ್ಳತನವೂ ಇಲ್ಲ, ನಿಯಮ ಇರುವುದೇ ಹಾಗೆ. ಹೊರದೇಶದಿಂದ ಬಂದ ಆಹಾರದ ಪ್ಯಾಕೆಟ್ ಮೇಲೆ ಅದು ಯಾವ ದೇಶದ್ದೆಂದು ಬರೆಯುವುದು ಕಡ್ಡಾಯ. ಆದರೆ 2020ರ ಲೇಬಲಿಂಗ್ ನಿಯಮಾವಳಿ ಇನ್ನೊಂದು ಮಾತನ್ನೂ ಸೇರಿಸಿದೆ: ಒಂದು ಪದಾರ್ಥ ಎರಡನೇ ದೇಶದಲ್ಲಿ ಸಂಸ್ಕರಣೆಯಾಗಿ ಅದರ ಸ್ವರೂಪವೇ ಬದಲಾದರೆ, ಲೇಬಲ್ ಮಟ್ಟಿಗೆ ಆ ಎರಡನೇ ದೇಶವೇ ಅದರ ತವರು. ಆಸ್ಟ್ರೇಲಿಯಾದ ಕಡಲೆ ಹಿಟ್ಟಾಗಿ ಗಿರಣಿಯಿಂದ ಹೊರಬಿದ್ದಾಗ ಭಾರತದ ಸರಕಾಗಿರುತ್ತದೆ.

ನವಲಗುಂದ, ಅಣ್ಣಿಗೇರಿ ಕಡೆಯ ರೈತನಿಗೆ ಈ ಸಣ್ಣ ಅಕ್ಷರ ಯಾಕೆ ಬೇಕು? ಮುಂಗಾರಿಯಲ್ಲಿ ಹೆಸರು ಕಿತ್ತ ಹೊಲದಲ್ಲಿ ಹಿಂಗಾರಿಗೆ ಅವನು ಬಿತ್ತುವುದು ಕಡಲೆ. ಆಸ್ಟ್ರೇಲಿಯಾದಲ್ಲಿ ಕಡಲೆ ಒಕ್ಕುವುದು ಹೆಚ್ಚೂಕಡಿಮೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಂದರೆ ಇಲ್ಲಿನ ಬೆಳೆ ಕಣಕ್ಕೆ ಬರುವ ಹೊತ್ತಿಗೆ ಅಲ್ಲಿನ ಹಡಗು ಇಲ್ಲಿನ ಬಂದರು ಮುಟ್ಟಿರುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆಮದು ಕಡಲೆಗೆ ಶೇ 60 ಸುಂಕ ಹಾಕಿದ್ದರಿಂದ ಆ ಹಡಗುಗಳ ಓಡಾಟ ತಗ್ಗಿತ್ತು. ಬೆಲೆ ಏರಿದಾಗ 2024ರ ಮೇ ತಿಂಗಳಲ್ಲಿ ಸುಂಕವನ್ನು ಪೂರ್ತಿ ತೆಗೆದುಹಾಕಿತು, 2025ರ ಏಪ್ರಿಲ್ 1ರಿಂದ ಶೇ 10 ಮತ್ತೆ ಬಂತು. 2024-25ರಲ್ಲಿ ದೇಶಕ್ಕೆ ಒಟ್ಟು 70 ಲಕ್ಷ ಟನ್‌ಗೂ ಹೆಚ್ಚು ಬೇಳೆಕಾಳು ಹೊರಗಿನಿಂದ ಬಂತು. ಆ ಹಂಗಾಮಿನಲ್ಲಿ ಕಡಲೆಯ ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ. ಕಣದಲ್ಲಿ ಕೂತು ದಿನದ ದರ ಕೇಳುವವನಿಗೆ ತಾನು ಯಾರೊಂದಿಗೆ ಪೈಪೋಟಿಗೆ ನಿಂತಿದ್ದೇನೆಂದು ಗೊತ್ತು. ಹಿಟ್ಟು ಕೊಳ್ಳುವವರಿಗೆ ಗೊತ್ತಿಲ್ಲ. ಇದರಲ್ಲೊಂದು ವಿಚಿತ್ರವೂ ಇದೆ. ಆಸ್ಟ್ರೇಲಿಯಾದಲ್ಲಿ 1970ರ ದಶಕದ ಕೊನೆಯಲ್ಲಿ ಬಿಡುಗಡೆಯಾದ ಮೊದಲ ದೇಸಿ ಕಡಲೆ ತಳಿ 'ಟೈಸನ್' ಭಾರತದಿಂದಲೇ ಹೋದ ಬೀಜ.

ಹಾಗಾದರೆ ಗಡಿಯಲ್ಲಿ ಇದನ್ನೆಲ್ಲ ಯಾರೂ ನೋಡುವುದಿಲ್ಲವೇ? ನೋಡುತ್ತಾರೆ, ಅದೂ ಬಲು ಕಟ್ಟುನಿಟ್ಟಾಗಿ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ರಂಜಾನ್ ಹಂಗಾಮಿಗೆ ಕೊಲ್ಲಿ ದೇಶದಿಂದ ತಾನೇ ಖರ್ಜೂರ ತರಿಸಬೇಕೆಂದು ಹೊರಟನೆಂದು ಇಟ್ಟುಕೊಳ್ಳೋಣ. ಮೊದಲಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಕೋಡ್ ಬೇಕು. ಹತ್ತು ಅಂಕೆ ಮತ್ತು ಅಕ್ಷರಗಳ ಈ ಕೋಡ್ ಜಿಎಸ್‌ಟಿ ಬಂದ ಮೇಲೆ ಪ್ಯಾನ್ ಸಂಖ್ಯೆಯೇ ಆಗಿದೆ. ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, ಲೈಸೆನ್ಸ್. 2011ರ ಲೈಸೆನ್ಸ್ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಕೆಳಗಿನ ಚಿಕ್ಕ ಅಂಗಡಿಗೆ ಬರೀ ನೋಂದಣಿ ಸಾಕು ಎಂದವು. ಅದಕ್ಕೆ ವರ್ಷಕ್ಕೆ 100 ರೂಪಾಯಿ. ಮೇಲಿನವರಿಗೆ ರಾಜ್ಯದ ಲೈಸೆನ್ಸ್, ಇನ್ನೂ ದೊಡ್ಡವರಿಗೆ ಕೇಂದ್ರದ್ದು. ಆಮದುದಾರನಿಗೆ ಮಾತ್ರ ಈ ಮೆಟ್ಟಿಲುಗಳಿಲ್ಲ. ಒಂದೇ ಪೆಟ್ಟಿಗೆ ತರಿಸಲಿ, ಒಂದು ಹಡಗು ತರಿಸಲಿ, ಅವನಿಗೆ ಕೇಂದ್ರ ಲೈಸೆನ್ಸೇ ಬೇಕು.

ಈ ಮೆಟ್ಟಿಲುಗಳನ್ನು ಓದುಗರು ತಮ್ಮ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಪ್ಯಾಕೆಟ್ ಮೇಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆಯಲ್ಲಿ 14 ಅಂಕೆಗಳಿವೆ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ನೋಂದಣಿ. ಮುಂದಿನ ಎರಡು ಅಂಕೆ ರಾಜ್ಯದ್ದು, ಕರ್ನಾಟಕಕ್ಕೆ 12. ಹಾಗಾಗಿ 112 ಎಂದಿದ್ದರೆ ಕರ್ನಾಟಕದ ಲೈಸೆನ್ಸ್, 212 ಎಂದಿದ್ದರೆ ಇಲ್ಲಿಯದೇ ಸಣ್ಣ ಉದ್ದಿಮೆ, 100 ಎಂದಿದ್ದರೆ ಕೇಂದ್ರ ಲೈಸೆನ್ಸ್. ವಿದೇಶಿ ಚಾಕೊಲೇಟಿನ ಮೇಲೆ ಆಮದುದಾರನ ಸಂಖ್ಯೆ ಎಂದು 212ರಿಂದ ಶುರುವಾಗುವ ಅಂಕೆ ಕಂಡರೆ ಅನುಮಾನಿಸಲು ಅಷ್ಟು ಸಾಕು.

ಸರಕು ಬಂದರಿಗೆ ಬಂದ ಮೇಲೆ 2017ರ ಆಮದು ನಿಯಮಾವಳಿಯ ಆಟ ಶುರು. ವ್ಯಾಪಾರಿ ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆ ಸಲ್ಲಿಸುತ್ತಾನೆ. 2016ರಿಂದ ಕಸ್ಟಮ್ಸ್‌ನ ಏಕಗವಾಕ್ಷಿ ಜಾಲದ ಮೂಲಕ ಅದು ಆಹಾರ ಪ್ರಾಧಿಕಾರಕ್ಕೂ ಸಸ್ಯ ಸಂಗರೋಧ ವಿಭಾಗಕ್ಕೂ ತಾನಾಗಿ ಹೋಗುತ್ತದೆ. ಖರ್ಜೂರವಾಗಲಿ ಕಡಲೆಯಾಗಲಿ, ಕಳಿಸಿದ ದೇಶದ ಸರ್ಕಾರ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು; ನಮ್ಮ ಹೊಲಗಳಲ್ಲಿಲ್ಲದ ಹುಳ, ಕಳೆ ಬೀಜ ಚೀಲದಲ್ಲಿ ಕೂತು ಬರಬಾರದು. ಆಹಾರ ಅಧಿಕಾರಿ ಕಾಗದ ನೋಡುತ್ತಾನೆ, ಬಳಿಕ ಸರಕು ನೋಡುತ್ತಾನೆ, ಲೇಬಲ್ ಓದುತ್ತಾನೆ. ಎಲ್ಲ ಸರಿಯಿದ್ದರೆ ಮಾದರಿ ತೆಗೆದು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಪ್ರಯೋಗಾಲಯಕ್ಕೆ ಹೋಗುತ್ತದೆ, ಇನ್ನೊಂದನ್ನು ಜೋಪಾನವಾಗಿ ಇಡುತ್ತಾರೆ. ಪ್ರಯೋಗಾಲಯ ಐದು ದಿನದೊಳಗೆ ವರದಿ ಕೊಡಬೇಕು. ವರದಿ ಒಪ್ಪದಿದ್ದರೆ ವ್ಯಾಪಾರಿ ಮೇಲ್ಮನವಿ ಹಾಕಬಹುದು. ಆಗ ಎರಡನೇ ಪಾಲು ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು.

ಬಹಳ ಮಂದಿ ಎಡವುವುದು ದಿನಾಂಕದಲ್ಲಿ. ಬಂದರಿನಲ್ಲಿ ಬಿಡುಗಡೆಯಾಗುವಾಗ ಒಟ್ಟು ಬಾಳಿಕೆ ಅವಧಿಯ ಶೇ 60 ಭಾಗ, ಇಲ್ಲವೇ ಮೂರು ತಿಂಗಳು, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟಾದರೂ ಉಳಿದಿರಬೇಕು. ವರ್ಷ ಬಾಳುವ ಬಿಸ್ಕತ್ತಿಗೆ ಮೂರು ತಿಂಗಳು ಉಳಿದಿದ್ದರೆ ನಡೆಯುತ್ತದೆ. 60 ದಿನ ಬಾಳುವ ಚೀಸ್‌ಗೆ 36 ದಿನ ಬಾಕಿ ಇರಲೇಬೇಕು. ಹೊರದೇಶದಲ್ಲಿ ಮುಗಿಯುತ್ತ ಬಂದ ಸರಕನ್ನು ಅಗ್ಗಕ್ಕೆ ತಂದು ಇಲ್ಲಿ ಸುರಿಯುವುದನ್ನು ತಡೆಯಲಿಕ್ಕೆ ಇಟ್ಟ ಗೆರೆ ಇದು. ಹಡಗು ತಡವಾಯಿತು, ದಾರಿಯಲ್ಲಿ ಬಂದರು ಬಂದ್ ಆಗಿತ್ತು ಎಂಬ ಸಬೂಬು ಇಲ್ಲಿ ನಡೆಯದು.

ಲೇಬಲ್ ವಿಷಯದಲ್ಲಿ ನಿಯಮ ತುಸು ಕರುಣೆ ತೋರಿಸುತ್ತದೆ, ಆದರೆ ಎಲ್ಲಿ ತೋರಿಸುತ್ತದೆ ಎಂಬುದೇ ಸ್ವಾರಸ್ಯ. ಆಮದುದಾರನ ಹೆಸರು ಮತ್ತು ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಲೈಸೆನ್ಸ್ ಸಂಖ್ಯೆ, ಸಸ್ಯಾಹಾರದ ಹಸಿರು ವೃತ್ತ ಅಥವಾ ಮಾಂಸಾಹಾರದ ಕಂದು ತ್ರಿಕೋನ, ಇಂಥ ಕೆಲವನ್ನು ಇಲ್ಲಿಗೆ ಬಂದ ಮೇಲೆ ಕಸ್ಟಮ್ಸ್ ಗೋದಾಮಿನಲ್ಲೇ ಕೀಳಲಾಗದ ಸ್ಟಿಕರ್ ಆಗಿ ಅಂಟಿಸಬಹುದು. ಪದಾರ್ಥಗಳ ಪಟ್ಟಿ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ ಇವುಗಳನ್ನು ಹಾಗೆ ಅಂಟಿಸುವಂತಿಲ್ಲ; ಅವು ತಯಾರಾದಲ್ಲೇ ಅಚ್ಚಾಗಿರಬೇಕು. ವಿದೇಶಿ ನೂಡಲ್ಸ್ ಪೊಟ್ಟಣದ ಮೂಲೆಯಲ್ಲಿ ಅಂಟಿಸಿದ ಬಿಳಿ ಚೀಟಿ ಕಂಡು 'ಇದು ನಕಲಿ' ಎನ್ನುವವರಿದ್ದಾರೆ. ಅದು ನಕಲಿಯ ಗುರುತಲ್ಲ, ಬಂದರಿನಲ್ಲಿ ತಪಾಸಣೆ ದಾಟಿ ಬಂದದ್ದರ ಗುರುತು. ಆಮದುದಾರನ ವಿವರ ಚೀಟಿಯಲ್ಲೂ ಅಚ್ಚಿನಲ್ಲೂ ಇಲ್ಲದ ವಿದೇಶಿ ಪೊಟ್ಟಣದ ಬಗ್ಗೆ ಅನುಮಾನ ಪಡಬೇಕು. ಯಾರದೋ ಬ್ಯಾಗಿನಲ್ಲಿ ಬಂದು ಅಂಗಡಿಯ ಕಪಾಟು ಸೇರಿರಬಹುದು. ಸ್ವಂತಕ್ಕೆ ತಂದ ತಿನಿಸಿಗೆ ಆಮದು ನಿಯಮದಿಂದ ವಿನಾಯಿತಿ ಇದೆ, ಮಾರಾಟಕ್ಕೆ ಇಲ್ಲ.

ಆಮದುದಾರನ ವಿಳಾಸಕ್ಕೆ ಇಷ್ಟು ಮಹತ್ವ ಯಾಕೆಂದರೆ, ಹಿಟ್ಟಿನಲ್ಲಿ ಹುಳ ಕಂಡರೆ ಬ್ರಿಸ್ಬೇನ್‌ನ ಕಂಪನಿಯನ್ನು ಧಾರವಾಡದ ಗ್ರಾಹಕರ ಆಯೋಗಕ್ಕೆ ಕರೆಸುವುದು ಆಗುವ ಮಾತಲ್ಲ. ಕೈಗೆ ಸಿಗುವ ಒಬ್ಬ ಮನುಷ್ಯ ದೇಶದೊಳಗೆ ಬೇಕು. ಲೇಬಲ್ ಮೊದಲು ಉತ್ತರಿಸಬೇಕಾದ ಪ್ರಶ್ನೆ ರುಚಿಯದ್ದಲ್ಲ, ಪೌಷ್ಟಿಕತೆಯದ್ದೂ ಅಲ್ಲ: ಹೊಣೆ ಯಾರದ್ದು? ತಪ್ಪು ಲೇಬಲ್ ಹಾಕಿ ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 52ನೇ ಕಲಮಿನ ಪ್ರಕಾರ ಮೂರು ಲಕ್ಷ ರೂಪಾಯಿವರೆಗೆ ದಂಡ ಬೀಳುವುದು ಈ ಕೈಗೆ ಸಿಗುವ ಮನುಷ್ಯನಿಗೆ.

ಭಾಷೆಯ ಮಾತೂ ಒಂದಿದೆ. ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆನ್ನುತ್ತದೆ ಕೇಂದ್ರದ ನಿಯಮ. ಬೇರೆ ಭಾಷೆ ಸೇರಿಸಿದರೆ ಅಡ್ಡಿಯಿಲ್ಲ, ಸೇರಿಸದಿದ್ದರೂ ಕೇಳುವವರಿಲ್ಲ. ಕರ್ನಾಟಕದಲ್ಲಿ ತಯಾರಾದ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಬಲದಿಂದ. ಆಮದು ಸರಕಿಗೆ ಅದು ತಗಲುವುದಿಲ್ಲ. ಶೇಂಗಾ ತಿಂದರೆ ಮೈ ಊದುವ ಮಗುವಿನ ತಾಯಿಗೆ ಕನ್ನಡ ಮಾತ್ರ ಓದಲು ಬಂದರೆ, ವಿದೇಶಿ ಚಾಕೊಲೇಟಿನ ಮೇಲಿನ ಅಲರ್ಜಿ ಎಚ್ಚರಿಕೆ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಬಿಗಿ ಇರುವುದು ಪ್ಯಾಕೆಟ್ಟಿಗೆ. ಹಳ್ಳಿಯ ಸಂತೆಗೆ ಬರುವ ಬಹುಪಾಲು ಸರಕು ಪ್ಯಾಕೆಟ್ಟಿನಲ್ಲಿ ಬರುವುದಿಲ್ಲ, ಬಿಚ್ಚಿದ ಚೀಲದಲ್ಲಿ ಬರುತ್ತದೆ. ಬಂದರಿನಲ್ಲಿ ಚೀಲಚೀಲಕ್ಕೂ ಜಾತಕ ಕೇಳಿದ ವ್ಯವಸ್ಥೆಗೆ, ಚೀಲದ ಬಾಯಿ ಬಿಚ್ಚಿದ ಮೇಲೆ ಗುರುತು ಹತ್ತುವುದಿಲ್ಲ. ನವಲಗುಂದದ ಸಂತೆಯಲ್ಲಿ ಕೂತ ಬೇಳೆ ವ್ಯಾಪಾರಿಗೂ ತನ್ನ ಮುಂದಿನ ರಾಶಿ ಎಲ್ಲಿಯದೆಂದು ಗೊತ್ತಿರಬೇಕೆಂದಿಲ್ಲ. ಹಳದಿ ಬಟಾಣಿಯ ಕಥೆ ಇದಕ್ಕಿಂತ ಒಂದು ಕೈ ಮೇಲು. 2023ರ ಡಿಸೆಂಬರ್‌ನಿಂದ ಕೆಲಕಾಲ ಸುಂಕವಿಲ್ಲದೆ ಕೆನಡಾ, ರಷ್ಯಾಗಳಿಂದ ಬಂದ ಈ ಅಗ್ಗದ ಕಾಳಿನ ಹಿಟ್ಟು ನೋಡಲು ಕಡಲೆಹಿಟ್ಟಿನಂತೆಯೇ ಇರುತ್ತದೆ. ಬಟಾಣಿ ಹಿಟ್ಟೆಂದು ಹೇಳಿ ಮಾರಿದರೆ ತಪ್ಪಿಲ್ಲ. ಕಡಲೆಹಿಟ್ಟಿಗೆ ಬೆರೆಸಿ ಬಿಡಿಯಾಗಿ ಮಾರಿದರೆ ಹಿಡಿಯಲು ಲೇಬಲ್ಲೇ ಇಲ್ಲ.

ಬಸ್ ನಿಲ್ದಾಣದ ಎದುರಿನ ಮಿರ್ಚಿಬಜಿಯನ್ನೇ ನೋಡಿ. ಮೆಣಸಿನಕಾಯಿ ಇಲ್ಲಿಯದು. ಹಿಟ್ಟಿನ ಮಾತು ಮೇಲೆ ಆಯಿತು. ಕಾಯ್ದ ಎಣ್ಣೆ ತಾಳೆ ಎಣ್ಣೆಯಾಗಿದ್ದರೆ ಅದರ ಮೂಲ ಬಹುತೇಕ ಇಂಡೋನೇಷ್ಯಾ ಅಥವಾ ಮಲೇಷ್ಯಾ. ಕಚ್ಚಾ ಎಣ್ಣೆ ಪಣಂಬೂರಿನ ನವಮಂಗಳೂರು ಬಂದರಿನಂಥ ಕಡೆ ಇಳಿದು, ಹತ್ತಿರದ ಕಾರ್ಖಾನೆಯಲ್ಲಿ ಸಂಸ್ಕರಣೆಯಾಗಿ, ಇಲ್ಲಿನ ಹೆಸರು ಹೊತ್ತು ಡಬ್ಬಿ ತುಂಬುತ್ತದೆ. ಭಾರತ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. ಬಜಿ ತಿನ್ನುವಾಗ ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಆದರೆ 'ಆಮದು ಆಹಾರ' ಅಂದ ಕೂಡಲೇ ಬೆಂಗಳೂರಿನ ಮಾಲ್‌ಗಳನ್ನು ನೆನೆಯುವವರು ಅಣ್ಣಿಗೇರಿಯ ಬಾಣಲೆಯನ್ನೂ ಒಮ್ಮೆ ನೋಡಬೇಕು.

ಈಗ ದಾರಿಯನ್ನು ತಿರುಗಿಸೋಣ. ಇಲ್ಲಿಂದ ಹೊರಟ ತಿನಿಸು ಅಲ್ಲಿ ಆಮದು ಸರಕು. ನಾವು ಆಸ್ಟ್ರೇಲಿಯಾದವರನ್ನು ಕೇಳುವ ಪ್ರಶ್ನೆಗಳನ್ನು ಅಲ್ಲಿನವರು ನಮ್ಮನ್ನು ಕೇಳುತ್ತಾರೆ, ಕೆಲವೊಮ್ಮೆ ಇನ್ನೂ ಬಿಗಿಯಾಗಿ. ಅಮೆರಿಕಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಳ್ಳುಹೋಳಿಗೆ ಮಾರಲು ಕಳಿಸಬೇಕಾದರೆ ತಯಾರಿಕಾ ಘಟಕ ಅಲ್ಲಿನ ಆಹಾರ ಮತ್ತು ಔಷಧ ಪ್ರಾಧಿಕಾರವಾದ ಎಫ್‌ಡಿಎಯಲ್ಲಿ ನೋಂದಾಯಿಸಿರಬೇಕು, ಅಮೆರಿಕದಲ್ಲೊಬ್ಬ ಏಜೆಂಟ್ ಇರಬೇಕು, ಸರಕು ತಲುಪುವ ಮುಂಚೆ ಸೂಚನೆ ಸಲ್ಲಿಸಿರಬೇಕು. 2011ರಲ್ಲಿ ಬಂದ ಕಾನೂನಿನ ಪ್ರಕಾರ ಅಲ್ಲಿನ ಆಮದುದಾರ ಇಲ್ಲಿನ ತಯಾರಕನ ಶುಚಿತ್ವವನ್ನು ತಾನೇ ಖಾತ್ರಿ ಮಾಡಿಕೊಳ್ಳಬೇಕು. ಅಲ್ಲೂ ಬೇಕಾದದ್ದು ಕೈಗೆ ಸಿಗುವ ಮನುಷ್ಯನೇ.

ಲೇಬಲ್ ಅಂತೂ ಹೊಸದಾಗಿಯೇ ಆಗಬೇಕು. 2023ರ ಜನವರಿ 1ರಿಂದ ಅಮೆರಿಕದಲ್ಲಿ ಎಳ್ಳನ್ನು ಒಂಬತ್ತನೇ ಪ್ರಮುಖ ಅಲರ್ಜಿಕಾರಕ ಎಂದು ಲೇಬಲ್ ಮೇಲೆ ಹೆಸರಿಸುವುದು ಕಡ್ಡಾಯ. ಯುರೋಪಿನ 14ರ ಪಟ್ಟಿಯಲ್ಲಿ ಎಳ್ಳಿನ ಜೊತೆಗೆ ಸಾಸಿವೆಯೂ ಇದೆ. ನಮ್ಮ 2020ರ ಪಟ್ಟಿಯಲ್ಲಿ ಶೇಂಗಾ, ಹಾಲು, ಸೋಯಾ, ಗೋಧಿಯಂಥ ಧಾನ್ಯಗಳಿವೆ. ಎಳ್ಳು, ಸಾಸಿವೆ ಇಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಪೊಟ್ಟಣದ ಮೇಲೆ ಅಲರ್ಜಿ ಸಾಲು ಬರೆಯದಿದ್ದರೂ ಹುಬ್ಬಳ್ಳಿಯಲ್ಲಿ ಕಾನೂನು ಸುಮ್ಮನಿರುತ್ತದೆ. ಎಳ್ಳಿನ ಹೆಸರು ಎಲ್ಲೂ ಇಲ್ಲದ ಪೊಟ್ಟಣ ನ್ಯೂಜೆರ್ಸಿಯಲ್ಲಿ ಇಳಿದರೆ ತಪ್ಪು ಲೇಬಲ್ಲಿನ ಸರಕು. ಇನ್ನೊಂದು ಉಲ್ಟಾ ಸಂಗತಿ: ನಾವು ಕಡ್ಡಾಯ ಎನ್ನುವ ಕೊನೆಯ ದಿನಾಂಕವನ್ನು ಅಮೆರಿಕದ ಕೇಂದ್ರ ಕಾನೂನು ಶಿಶು ಆಹಾರದ ಪುಡಿಯ ಹೊರತು ಬೇರೆ ತಿನಿಸಿಗೆ ಕೇಳುವುದೇ ಇಲ್ಲ.

ಧಾರವಾಡ ಪೇಡೆಗೆ ಗೋಡೆ ಇನ್ನೂ ಎತ್ತರ. ಬ್ರಿಟನ್ನಿಗೂ ಯುರೋಪಿಗೂ ಭಾರತದಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಕಾಲುಬಾಯಿ ಜ್ವರದಂಥ ದನದ ರೋಗಗಳ ಭಯ. ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೊರಟ ತಾಯಿಯ ಸೂಟ್‌ಕೇಸಿನ ಪೇಡೆ ಡಬ್ಬಿ ಕಾನೂನಿನ ಕಣ್ಣಿಗೆ ಸಿಹಿಯಲ್ಲ, ಹಾಲು. ಪೇಡೆಗಿರುವ ಭೌಗೋಳಿಕ ಮಾನ್ಯತೆಯ ಪತ್ರ ಅಲ್ಲಿ ಏನೂ ಮಾಡಲಾರದು. ಅಮೆರಿಕ ಒಂದು ಕಿಟಕಿ ತೆರೆದಿಟ್ಟಿದೆ: ಮನೆಯಲ್ಲಿ ಮಾಡಿದ ತಿನಿಸನ್ನು ಮಾಡಿದವರೇ ತಮ್ಮವರಿಗೆ ಉಡುಗೊರೆಯಾಗಿ ಕಳಿಸಿದರೆ ಮುಂಗಡ ಸೂಚನೆ ಬೇಕಿಲ್ಲ. ಅವ್ವ ಕುಟ್ಟಿದ ಚಟ್ನಿಪುಡಿಗೆ ಈ ವಿನಾಯಿತಿ ಸಲ್ಲುತ್ತದೆ. ಅಂಗಡಿಯಲ್ಲಿ ಕೊಂಡು ಕಳಿಸಿದ ಚಟ್ನಿಪುಡಿಗೆ ಸಲ್ಲುವುದಿಲ್ಲ.

ಕಲಘಟಗಿಯ ಆಪೂಸ್ ಮಾವಿನ ತೋಟದವರಿಗೆ ನೆನಪಿರಬಹುದು, 2014ರ ಮೇ 1ರಿಂದ ಯುರೋಪ್ ಭಾರತದ ಮಾವನ್ನೇ ನಿಲ್ಲಿಸಿತ್ತು, ಹಣ್ಣುನೊಣದ ಕಾರಣಕ್ಕೆ. 2015ರ ಆರಂಭದಲ್ಲಿ ಅದು ತೆರವಾಯಿತು. 2007ರಿಂದ ಮಾವು ಕೊಳ್ಳುತ್ತಿರುವ ಅಮೆರಿಕಕ್ಕೆ ವಿಕಿರಣ ಹಾಯಿಸಿದ ಹಣ್ಣೇ ಬೇಕು, ಹಾಯಿಸಿದ್ದೆಂಬ ಗುರುತು ಪೆಟ್ಟಿಗೆಯ ಮೇಲೆ ಇರಲೇಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಮೆಣಸಿನಕಾಯಿ. ಕುಂದಗೋಳದ ಕಪ್ಪು ಮಣ್ಣಿನಲ್ಲಿ ಬೆಳೆಯುವ ಡಬ್ಬಿ, ಕಡ್ಡಿ ತಳಿಗಳು 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬಳಗದವು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಓಲಿಯೋರೆಸಿನ್ ಎಂಬ ಸಾರ ತೆಗೆಯುವ ಕಂಪನಿಗಳು ಹುಡುಕಿ ಬರುತ್ತವೆ. 2003ರಲ್ಲಿ ಫ್ರಾನ್ಸ್‌ನಲ್ಲಿ ಭಾರತದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್-1 ಎಂಬ ಕಾರ್ಖಾನೆಯ ಕೆಂಪು ಬಣ್ಣ ಸಿಕ್ಕಿತು. ಯುರೋಪ್ ಕೂಡಲೇ ತುರ್ತು ನಿಯಮ ತಂದಿತು. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಒಂದು ಸಾಸ್‌ಗೆ ಬಿದ್ದ ಮೆಣಸಿನ ಪುಡಿಯಲ್ಲಿ ಅದೇ ಬಣ್ಣ ಕಂಡು, ಆ ಸಾಸ್ ಬಳಸಿದ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದರು. ನಿಜವಾಗಿಯೇ ಕೆಂಪಿರುವ ಕಾಯಿ ಬೆಳೆದವರೂ ಅಂದಿನಿಂದ ತಮ್ಮ ಕೆಂಪು ಸಾಚಾ ಎಂಬ ಪ್ರಮಾಣಪತ್ರ ಹಿಡಿದು ನಿಲ್ಲಬೇಕಾಯಿತು. ರಫ್ತಾಗುವ ಮೆಣಸಿನಕಾಯಿಗೆ ಸಂಬಾರ ಮಂಡಳಿಯ ಪರೀಕ್ಷೆ ಕಡ್ಡಾಯವಾಯಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಎರಡು ಹೆಸರಾಂತ ಭಾರತೀಯ ಕಂಪನಿಗಳ ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಕಂಡು ಮಾರಾಟ ನಿಲ್ಲಿಸಿದಾಗ ಪರೀಕ್ಷೆಗಳ ಪಟ್ಟಿ ಇನ್ನೂ ಉದ್ದವಾಯಿತು.

ಬಣ್ಣ ಬೆರೆಸುವುದು ವ್ಯಾಪಾರದ ಮೋಸ. ಅಫ್ಲಾಟಾಕ್ಸಿನ್ ಹಾಗಲ್ಲ, ಅದು ಕಣದಲ್ಲೇ ಶುರುವಾಗುತ್ತದೆ. ನೆಲದ ಮೇಲೆ ಹರವಿದ ಕಾಯಿಗೆ ಇಬ್ಬನಿ ಬಿದ್ದು, ಸರಿಯಾಗಿ ಒಣಗದೆ ಬೂಸ್ಟು ಹಿಡಿದರೆ ಆ ಬೂಸ್ಟಿನಿಂದ ಹುಟ್ಟುವ ವಿಷ ಅದು. ಮುರಿಯಬಾರದೆಂದೋ ತೂಕ ಬರಲೆಂದೋ ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿಯೂ ಇದಕ್ಕೆ ದಾರಿ ಮಾಡುತ್ತದೆ. ಭಾರತದ ನಿಯಮ ಸಂಬಾರ ಪದಾರ್ಥದಲ್ಲಿ ಕಿಲೋಗೆ 30 ಮೈಕ್ರೋಗ್ರಾಂವರೆಗೆ ಅದನ್ನು ಸಹಿಸುತ್ತದೆ, ಯುರೋಪ್ ಮೆಣಸಿನಕಾಯಿಯಲ್ಲಿ 10ರವರೆಗೆ ಮಾತ್ರ. ನಡುವಿನ ಅಂತರದಲ್ಲಿ ಸಿಕ್ಕ ಸರಕು ಇಲ್ಲಿ ಒಳ್ಳೆಯದು, ಅಲ್ಲಿ ಕೆಟ್ಟದ್ದು.

ಟಾರ್ಪಾಲಿನ್ ಮೇಲೆ ಒಣಗಿಸಿದರೆ, ಸಂಜೆ ರಾಶಿ ಮಾಡಿ ಮುಚ್ಚಿದರೆ, ಚೆನ್ನಾಗಿ ಒಣಗುವ ಮುಂಚೆ ಚೀಲ ತುಂಬದಿದ್ದರೆ ಬೂಸ್ಟು ಬಹುಮಟ್ಟಿಗೆ ತಪ್ಪುತ್ತದೆ. ಇದು ಕುಂದಗೋಳದ ಯಾವ ರೈತನಿಗೂ ಹೊಸ ಸುದ್ದಿಯಲ್ಲ. ಆದರೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಖರೀದಿದಾರ ದರ ಬರೆಯುವುದು ತಳಿ, ಬಣ್ಣ, ತೇವ ನೋಡಿ. ಅಫ್ಲಾಟಾಕ್ಸಿನ್ ಬರಿಗಣ್ಣಿಗೆ ಕಾಣುವುದಿಲ್ಲ. ಅದು ಗೊತ್ತಾಗುವುದು ಮುಂದೆ ಯಾವುದೋ ಪ್ರಯೋಗಾಲಯದಲ್ಲಿ. ಅಷ್ಟು ಹೊತ್ತಿಗೆ ಟಾರ್ಪಾಲಿನ್ ಹಾಸಿದವನ ಚೀಲ, ಹಾಸದವನ ಚೀಲ ಒಂದೇ ರಾಶಿಗೆ ಬಿದ್ದಿರುತ್ತವೆ. ಸರಕು ಮರಳಿ ಬಂದರೆ ನಷ್ಟ ರಫ್ತುದಾರನ ಖಾತೆಗೆ, ಆಮೇಲೆ ಮುಂದಿನ ಹಂಗಾಮಿನ ದರದಲ್ಲಿ ಇಬ್ಬರ ಖಾತೆಗೂ.